ಮಲಪ್ರಭೆಯ ನಾಡಿನಲ್ಲಿ ಕ್ರಿಸ್ತಜಯಂತಿ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸುತ್ತಣ ಕರಿಯ ನೆಲದಲ್ಲಿ ಹಿಂಗಾರಿಯ ಬಿಳಿಜೋಳ ತಲೆಯೆತ್ತಿ ನಿಲ್ಲುತ್ತದೆ. ಎಳ್ಳಮಾವಾಸ್ಯೆಯ ದಿನ ಒಕ್ಕಲುಮಕ್ಕಳು ಬಂಡಿ ಕಟ್ಟಿ ಹೊಲಕ್ಕೆ ಹೋಗಿ, ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಬಳಿಕ ನೆಂಟರಿಷ್ಟರೊಡನೆ ಸಜ್ಜೆಯ ರೊಟ್ಟಿಯನ್ನೂ ಶೇಂಗಾ ಹೋಳಿಗೆಯನ್ನೂ ಉಣ್ಣುತ್ತಾರೆ. ಅದೇ ದಿನಗಳ ಆಸುಪಾಸಿನಲ್ಲಿ ಈ ಸೀಮೆಯ ಕ್ರೈಸ್ತ ದೇವಾಲಯಗಳಲ್ಲಿ ಕ್ರಿಸ್ತಜಯಂತಿಯ ಗಂಟೆ ಕೇಳಿಸುತ್ತದೆ. ಕೊಟ್ಟು ಉಣ್ಣುವುದೇ ಹಬ್ಬವೆಂದು ಬಲ್ಲ ಜನರ ನಡುವೆ ಈ ಹೊಸ ಹಬ್ಬ ಹೇಗೆ ಬೇರೂರಿತು, ಅದರ ಆನಂದಕ್ಕೆ ಆಧಾರ ಯಾವುದು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಯೇಸುಕ್ರಿಸ್ತನು ಹುಟ್ಟಿದ ದಿನ ಯಾವುದೆಂದು ಸುವಾರ್ತೆಗಳು ಹೇಳುವುದಿಲ್ಲ. ಡಿಸೆಂಬರ್ 25ರಂದು ಈ ಹಬ್ಬವನ್ನು ಆಚರಿಸುತ್ತಿದ್ದರೆಂಬುದಕ್ಕೆ ಅತ್ಯಂತ ಹಳೆಯ ಲಿಖಿತ ಆಧಾರ ದೊರೆಯುವುದು ಕ್ರಿ. ಶ. 336ರ ರೋಮ್ ನಗರದಲ್ಲಿ. ಕಾಲಕ್ರಮದಲ್ಲಿ ಹಬ್ಬಕ್ಕೆ ಅರಮನೆಯ ವೈಭವವೂ ಸಂತೆಯ ಸಡಗರವೂ ಅಂಟಿಕೊಂಡವು. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಅಸೀಸಿಯ ಫ್ರಾನ್ಸಿಸ್ ಸಂತನು ಹುಲ್ಲಿನ ಗೋದಲಿಯನ್ನು ಮಾಡಿಸಿ, ಎತ್ತನ್ನೂ ಕತ್ತೆಯನ್ನೂ ಅದರ ಬಳಿ ನಿಲ್ಲಿಸಿ, ಜನ್ಮಕಥೆಯ ಬಡತನವನ್ನು ಜನರ ಕಣ್ಣೆದುರಿಗೆ ತಂದನು. ಛತ್ರದಲ್ಲಿ ಸ್ಥಳ ಸಿಕ್ಕದ ತಾಯಿತಂದೆಗಳ ಕೂಸು ಅದು. ಆ ಸುದ್ದಿಯನ್ನು ಮೊದಲು ಕೇಳಿದವರು ಇರುಳಿನಲ್ಲಿ ಕುರಿಮಂದೆಯನ್ನು ಕಾಯುತ್ತಿದ್ದವರು. ಅವರಿಗೆ ಗುರುತಾಗಿ ಹೇಳಿದ್ದು ಕಿರೀಟವನ್ನಲ್ಲ, ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಒಂದು ಹಸುಗೂಸನ್ನು. ಕುರುಬರೂ ನೇಕಾರರೂ ತುಂಬಿರುವ ನಾಡಿಗೆ ಈ ಕಥೆ ತೀರ ಪರಕೀಯವಾಗಿ ಕೇಳಿಸಿರಲಾರದು.

ಈ ಕಥೆ ಇಲ್ಲಿಗೆ ಬಂದ ದಾರಿಯನ್ನು ಸ್ವಲ್ಪ ನೋಡಬೇಕು. 1818ರಲ್ಲಿ ಮನ್ರೋ ಬಾದಾಮಿಯ ಕೋಟೆಯನ್ನು ಹಿಡಿದನು. ಪೇಶವೆಯರ ಆಳಿಕೆ ಕೊನೆಗೊಂಡು ಈ ಪ್ರಾಂತ ಕಂಪನಿಯ ಕೈಸೇರಿತು. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಜೊತೆಗಾರರ ಶ್ರಮದಿಂದ 1831ರ ಹೊತ್ತಿಗೆ ಸಂಪೂರ್ಣ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿತ್ತು. 1833ರ ಶಾಸನವು ಬ್ರಿಟಿಷರಲ್ಲದ ಮಿಶನ್ನುಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಸ್ವಿಟ್ಸರ್ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದರು. ಅವರ ನೆಲೆಗಳು 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಬೆಟಗೇರಿಯಲ್ಲಿಯೂ ಸ್ಥಾಪಿತವಾದವು. 1851ರಲ್ಲಿ, ಆಗ ಬಾದಾಮಿ ತಾಲ್ಲೂಕಿಗೆ ಸೇರಿದ್ದ ಗುಳೇದಗುಡ್ಡದಲ್ಲಿ ಮತ್ತೊಂದು ನೆಲೆ ಆರಂಭವಾಯಿತು. ಮಗ್ಗದ ಸದ್ದೇ ಊರಿನ ಉಸಿರಾಗಿರುವ ಸ್ಥಳವದು. ಅಲ್ಲಿಯ ಕುಪ್ಪಸದ ಕಣ ಇಂದಿಗೂ ಹೆಸರುವಾಸಿ.

ಹೊಸ ಮತಕ್ಕೆ ಸೇರಿದವನ ಪಾಡು ಸುಲಭವಾಗಿರಲಿಲ್ಲ. ಜಾತಿ ತಪ್ಪಿದವನಿಗೆ ನೆಂಟಸ್ತಿಕೆ ತಪ್ಪುತ್ತಿತ್ತು. ಕಸಬು ಜಾತಿಗೆ ಕಟ್ಟುಬಿದ್ದಿದ್ದುದರಿಂದ ಜೀವನೋಪಾಯವೂ ತಪ್ಪುತ್ತಿತ್ತು. ಬಾಸೆಲ್ ಮಿಶನ್ನಿನವರು ಕರಾವಳಿಯಲ್ಲಿ ನೇಯ್ಗೆಯ ಕಾರ್ಖಾನೆಗಳನ್ನೂ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದುದಕ್ಕೆ ಇದೂ ಒಂದು ಮುಖ್ಯ ಕಾರಣ. ಇಂಥ ಮನೆಗಳಲ್ಲಿ ಹಬ್ಬದ ದಿನ ಬಂದಾಗ ಹಳೆಯ ಬಂಧುಗಳ ಪಂಕ್ತಿ ಇರಲಿಲ್ಲವೆಂಬುದನ್ನು ನಾವು ನೆನೆಯಬೇಕು. ಹಾಗಿದ್ದರೂ ಅವರು ಹಬ್ಬ ಮಾಡಿದರೆಂದರೆ, ಅದು ಹೊರಗಿನ ಸಂಭ್ರಮದಿಂದ ಹುಟ್ಟಿದ ಆನಂದವಾಗಿರಲಾರದು.

ಈ ಆನಂದ ನಿಜವಾದ ಒರೆಗೆ ಬಂದುದು ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಆಗ ನಾವು ಹೇಳುತ್ತಿರುವ ಊರುಗಳೆಲ್ಲವೂ ಕಲಾದಗಿ ಜಿಲ್ಲೆಗೆ ಸೇರಿದ್ದವು. ಈ ಕಡೆಗೆ ರೈಲುದಾರಿ ಇನ್ನೂ ಬಂದಿರಲಿಲ್ಲ. ಮೇವಿಲ್ಲದೆ ಎತ್ತುಗಳು ಸತ್ತ ಮೇಲೆ ಕಾಳನ್ನು ಹೊತ್ತು ತರುವ ಬಂಡಿಯೂ ನಿಂತಿತು. ಧಾನ್ಯದ ಬೆಲೆ ಏರಿದಂತೆ ಬಟ್ಟೆಯನ್ನು ಕೊಳ್ಳುವವರು ಇಲ್ಲದಾಗಿ, ಹೊಲವಿಲ್ಲದ ನೇಕಾರನು ರೈತನ ಜೊತೆಯಲ್ಲಿಯೇ ನೆಲಕ್ಕೆ ಬಿದ್ದನು. 1872ರಲ್ಲಿ ಸುಮಾರು 8 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 6 ಲಕ್ಷ 40 ಸಾವಿರಕ್ಕೆ ಇಳಿಯಿತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ! ಐವರಲ್ಲಿ ಒಬ್ಬರು ಇಲ್ಲವಾದ ಊರುಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ಸಾಕು.

ಆ ಕಾಲದಲ್ಲಿ ಸರಕಾರದ ಪರಿಹಾರ ಕೆಲಸಗಳೊಡನೆ ಮಿಶನ್ನಿನವರೂ ಹಸಿದವರಿಗೆ ಅನ್ನವಿಟ್ಟರು. ತಾಯಿತಂದೆಗಳನ್ನು ಕಳೆದುಕೊಂಡ ಮಕ್ಕಳನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅನ್ನದ ಆಸೆ ತೋರಿಸಿ ಮತಾಂತರ ಮಾಡಿದರೆಂಬ ಆಕ್ಷೇಪಣೆ ಅಂದಿನಿಂದಲೂ ಇದೆ. ಅದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಹೋಗುವುದು ಇತಿಹಾಸಕ್ಕೆ ನ್ಯಾಯವಲ್ಲ. ಹಸಿದವನು ಕೊಡುವ ಒಪ್ಪಿಗೆ ಪೂರ್ಣವಾದ ಒಪ್ಪಿಗೆಯಲ್ಲ. ಆದರೆ ಬೀದಿಯಲ್ಲಿ ಬಿದ್ದ ಕೂಸನ್ನು ಎತ್ತಿಕೊಂಡವನ ಕೈ ಪುಣ್ಯದ ಕೈಯೆಂಬುದನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. ಈ ಎರಡನ್ನೂ ತೂಗಿ ನೋಡುವ ತಕ್ಕಡಿ ಕ್ರಿಸ್ತನ ಬೋಧನೆಯಲ್ಲಿಯೇ ಉಂಟು. ಹಸಿದವರಿಗೆ ಉಣಿಸಿದವರನ್ನೂ ಬತ್ತಲೆ ಇದ್ದವರಿಗೆ ಉಡಿಸಿದವರನ್ನೂ ಅವನು ತನ್ನವರೆಂದು ಕರೆದನೇ ಹೊರತು, ಉಂಡವರಿಂದ ಏನನ್ನು ಪಡೆದಿರಿ ಎಂದು ಕೇಳಲಿಲ್ಲ. ಪ್ರತಿಫಲವನ್ನು ಎಣಿಸದೆ ಕೊಟ್ಟದ್ದು ಎಷ್ಟೋ, ಅಷ್ಟೇ ಕ್ರಿಸ್ತಜೀವನ, ಉಳಿದದ್ದು ವ್ಯವಹಾರ.

ಹೀಗೆ ಎಣಿಸದೆ ಕೊಟ್ಟುದಕ್ಕೆ ಕನ್ನಡಿಗರೆಲ್ಲರೂ ಬಲ್ಲ ಒಂದು ನಿದರ್ಶನವುಂಟು. ಅದೇ ಮಿಶನ್ನಿಗೆ ಸೇರಿದ ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಈ ದೇಶಕ್ಕೆ ಬಂದು, 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ರಚಿಸಿದನು. 1894ರಲ್ಲಿ ಪ್ರಕಟವಾದ ಅವನ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70 ಸಾವಿರ ಶಬ್ದಗಳಿವೆ. ಆ ನಿಘಂಟನ್ನು ತೆರೆಯುವವನ ಮತ ಯಾವುದೆಂದು ಅದು ಕೇಳುವುದಿಲ್ಲ.

ಈ ನಾಡಿಗೆ ಸದಾಚಾರವನ್ನು ಮಿಶನ್ನಿನವರೇ ಹೊಸದಾಗಿ ಕಲಿಸಿದರೆಂದು ಯಾರೂ ಭಾವಿಸಬಾರದು. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ. ಶ. 700ರಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನವಿದೆ. ಒಳ್ಳೆಯವರಿಗೆ ಒಳ್ಳೆಯವನಾಗಿಯೂ, ಕೇಡು ಬಗೆದವರಿಗೆ ಕಠಿಣನಾಗಿಯೂ ಬಾಳಿದ ವೀರನ ಚಿತ್ರ ಅದರಲ್ಲಿದೆ. ಹುನಗುಂದದ ಸೀಮೆಯಲ್ಲಿ, ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮದಲ್ಲಿ, 12ನೆಯ ಶತಮಾನದ ಬಸವಣ್ಣನವರು ಬೆಳೆದರು. ಅವರ ಕಾಯಕ ದಾಸೋಹಗಳ ಮಾರ್ಗ ದುಡಿಮೆಯನ್ನೂ ಹಂಚಿಕೆಯನ್ನೂ ಪೂಜೆಯ ಪೀಠಕ್ಕೇರಿಸಿತು. ಅರಭಟ್ಟನ ನೀತಿಯನ್ನು ಲೋಕ ಸುಲಭವಾಗಿ ಒಪ್ಪುತ್ತದೆ. ಕೇಡು ಬಗೆದವನಿಗೂ ಒಳ್ಳೆಯದನ್ನೇ ಮಾಡು ಎಂಬ ಕ್ರಿಸ್ತನ ಮಾತನ್ನು ಒಪ್ಪುವುದು ಕಷ್ಟ, ನಡೆಯಿಸುವುದು ಇನ್ನೂ ಕಷ್ಟ. ಕ್ರಿಸ್ತಜಯಂತಿಯ ಆನಂದ ಇರುವುದು ಈ ಕಷ್ಟದ ದಾರಿಯಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ದ್ವೇಷವನ್ನು ಹೊತ್ತವನ ಎದೆಯಲ್ಲಿ ಹಬ್ಬಕ್ಕೆ ಸ್ಥಳವೆಲ್ಲಿ? ಅವನ ಎದೆಯೂ ಬೇತ್ಲೆಹೇಮಿನ ಛತ್ರವೇ.

1914ರ ಡಿಸೆಂಬರಿನಲ್ಲಿ ಫ್ಲಾಂಡರ್ಸಿನ ರಣರಂಗದ ಕೆಲವೆಡೆಗಳಲ್ಲಿ ಜರ್ಮನ್ ಸಿಪಾಯಿಗಳೂ ಇಂಗ್ಲಿಷ್ ಸಿಪಾಯಿಗಳೂ ಕಂದಕಗಳಿಂದ ಮೇಲೆದ್ದು ಬಂದು ಕೈಕುಲುಕಿದರು. ಆಯುಧಗಳು ಸ್ವಲ್ಪ ಹೊತ್ತು ಸುಮ್ಮನಾದವು. ಅದೇ ಯುದ್ಧದಲ್ಲಿ ಇಲ್ಲಿಯ ಬಾಸೆಲ್ ಮಿಶನ್ನಿನ ಅನೇಕ ಜರ್ಮನ್ ಪಾದ್ರಿಗಳನ್ನು ಶತ್ರುಪ್ರಜೆಗಳೆಂದು ಹಿಡಿದು ಅಹಮದನಗರದ ಶಿಬಿರದಲ್ಲಿಟ್ಟರು. ಬಳಿಕ ಹಡಗು ಹತ್ತಿಸಿ ಸ್ವದೇಶಕ್ಕೆ ಕಳುಹಿಸಿದರು. ಸಭೆಗಳ ಹೊರೆ ಕನ್ನಡದ ಉಪದೇಶಕರ ಹೆಗಲಿಗೂ ಬಿತ್ತು. ಹೊರಗಿನವರು ಹೋದರೂ ಹಬ್ಬ ನಿಲ್ಲಲಿಲ್ಲ. ಕಾಲಾನಂತರದಲ್ಲಿ ಈ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡವು.

ಈಗ ಕಾಲ ಬೇರೆಯಾಗಿದೆ. 1997ರಲ್ಲಿ ಬಾಗಲಕೋಟೆ ತಾನೇ ಜಿಲ್ಲೆಯಾಯಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಿ, ಜನರು ನವನಗರಕ್ಕೆ ಮನೆ ಬದಲಿಸಿದರು. ಆದರೆ ನೆರೆಯವನ ಕಷ್ಟ ತೀರಿಲ್ಲ. ಆದುದರಿಂದ ಹಬ್ಬದ ಕೆಲಸವೂ ತೀರಿಲ್ಲ. ಇಳಕಲ್ಲಿನ ಸೀರೆಯನ್ನು ನೇಯುವವರು ಸೆರಗಿನ ಕೆಂಪು ರೇಷ್ಮೆಯ ಹಾಸನ್ನು ಒಡಲಿನ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಸೆರಗು. ಆದರೆ ಒಡಲಿಲ್ಲದೆ ಸೆರಗೊಂದನ್ನೇ ಉಡಲು ಬರುವುದಿಲ್ಲ. ಡಿಸೆಂಬರ್ 25ರ ಆನಂದ ವರ್ಷದ ಸೆರಗಿನಂತೆ. ಉಳಿದ 364 ದಿನಗಳ ದಯೆ, ಕ್ಷಮೆ, ದುಡಿಮೆಗಳು ಅದರ ಒಡಲು. ಆ ಕೊಂಡಿ ಬಿಗಿಯಾಗಿರುವ ಮನೆಯಲ್ಲಿ ದೀಪ ಒಂದೇ ಇದ್ದರೂ ಹಬ್ಬ ದೊಡ್ಡದು. ಈ ಮಾತು ಕ್ರೈಸ್ತರ ಹಬ್ಬಕ್ಕೆ ಮಾತ್ರವಲ್ಲ, ನಮ್ಮೆಲ್ಲರ ಹಬ್ಬಗಳಿಗೂ ಸಲ್ಲುವುದಲ್ಲವೆ?