ಬ್ರಹ್ಮಗಿರಿಯ 33 ಚಿನ್ನದ ಮಣಿಗಳೂ ನಮ್ಮ ಮನೆಯ ಒಡವೆ ಡಬ್ಬಿಯೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಬೆಟ್ಟದ ಬುಡದಲ್ಲಿ ಸುತ್ತಲೂ ಕಲ್ಲು ನಿಲ್ಲಿಸಿ ಮಾಡಿದ ಹಳೇ ಸಮಾಧಿಗಳಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ದೊಡ್ಡ ಉತ್ಖನನ ನಡೆಸಿದರು. ಬ್ರಹ್ಮಗಿರಿಯ ಒಂದು ಸಮಾಧಿಯಲ್ಲಿ 33 ಚಿನ್ನದ ಮಣಿ, 2 ಕಲ್ಲಿನ ಮಣಿ, 4 ತಾಮ್ರದ ಬಳೆ, ಒಂದು ಶಂಖ ಸಿಕ್ಕಿದವು. ಉಳಿದ ಕೆಲವು ಸಮಾಧಿಗಳಲ್ಲಿ ಸಿಕ್ಕಿದ್ದು ಬರೀ ಮಡಕೆ ಕುಡಿಕೆ. ಉಳ್ಳವರು, ಇಲ್ಲದವರು ಎಂಬ ಭೇದ ಆಗಲೇ ಇತ್ತು ಎಂದು ತೋರಿಸಲು ಈ ಸಂಗತಿಯನ್ನು ದೇಶದ ಆರನೇ ತರಗತಿಯ ಇತಿಹಾಸ ಪುಸ್ತಕದಲ್ಲೂ ಬರೆದಿದ್ದರು.

ನಮಗೆ ಅದರಲ್ಲಿ ಇನ್ನೊಂದು ಪಾಠ ಕಂಡಿತು. ಸುಮಾರು ಎರಡು ಸಾವಿರ ವರ್ಷ ಮಣ್ಣಲ್ಲಿ ಬಿದ್ದರೂ ಚಿನ್ನ ಚಿನ್ನವಾಗಿಯೇ ಇರುತ್ತದೆ. ತಾಮ್ರ ಹಸಿರುಗಟ್ಟುತ್ತದೆ, ಬೆಳ್ಳಿ ಕಪ್ಪಾಗುತ್ತದೆ, ಕಬ್ಬಿಣ ತುಕ್ಕು ಹಿಡಿದು ಉದುರುತ್ತದೆ. ಮಣ್ಣು ಹಾಳು ಮಾಡದ ಚಿನ್ನವನ್ನು ನಾವು ಮನೆಯಲ್ಲಿ ಹೇಗೆ ಹಾಳು ಮಾಡಿಕೊಳ್ಳುತ್ತೇವೆ? ಈ ಬರಹ ಅದರ ಬಗ್ಗೆ.

ನಮ್ಮ ಸೀಮೆಗೂ ಚಿನ್ನದ ಹೆಸರಿಗೂ ನಂಟು ಹಳೆಯದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಸುವರ್ಣಗಿರಿಯಿಂದ ಬಂದ ಆಜ್ಞೆ ಅದರಲ್ಲಿದೆ. ಸುವರ್ಣಗಿರಿ ಎಂದರೆ ಚಿನ್ನದ ಬೆಟ್ಟ. ಇಸಿಲ ಇದೇ ಬ್ರಹ್ಮಗಿರಿಯ ಸುತ್ತಲ ಊರು ಎಂದು ವಿದ್ವಾಂಸರು ಹೇಳುತ್ತಾರೆ.

ಆದರೆ ಚಳ್ಳಕೆರೆ, ಮೊಳಕಾಲ್ಮೂರಿನ ಮನೆಗಳಲ್ಲಿ ಚಿನ್ನ ರಾಜರ ಮಾತಲ್ಲ, ಮಳೆಯ ಮಾತು. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳು ನಮ್ಮವು. ಮುಂಗಾರು ನಂಬಿ ಶೇಂಗಾ ಬಿತ್ತುತ್ತೇವೆ. ಬೀಜ, ಗೊಬ್ಬರಕ್ಕೆ ಕೈಯಲ್ಲಿ ಕಾಸಿಲ್ಲದಾಗ ಅಮ್ಮನ ಕೊರಳ ಸರವೋ ಕಿವಿಯ ಓಲೆಯೋ ಗಿರವಿ ಅಂಗಡಿಗೆ ಹೋಗುತ್ತದೆ. ಬೆಳೆ ಬಂದರೆ ಬಿಡಿಸಿಕೊಂಡು ಬರುತ್ತೇವೆ, ಕೈಕೊಟ್ಟರೆ ಬಡ್ಡಿ ಬೆಳೆಯುತ್ತದೆ. ಹಾಗಾಗಿ ಒಡವೆ ಎಂದರೆ ನಮಗೆ ಅಲಂಕಾರಕ್ಕಿಂತ ಮೊದಲು ಬರಗಾಲದ ಗಂಟು. ಅದು ಅರ್ಧ ಗ್ರಾಂ ಸವೆದರೂ ಅಷ್ಟು ಬಿತ್ತನೆ ಬೀಜ ಹೋದ ಹಾಗೆ.

ಹಿಂದೆ ಈ ಗಂಟನ್ನು ಕಾಯುತ್ತಿದ್ದವರು ಇಬ್ಬರು: ಮನೆಯ ಹೆಂಗಸರು ಮತ್ತು ಊರಿನ ಅಕ್ಕಸಾಲಿಗರು. ಗುಲಗಂಜಿ ಇಟ್ಟು ತೂಗುತ್ತಿದ್ದ ಕಾಲದಿಂದಲೂ ಆಚಾರ್ರಿಗೆ ಯಾವ ಮನೆಯಲ್ಲಿ ಯಾವ ಒಡವೆ ಇದೆ, ಯಾವ ಕೊಂಡಿ ಸವೆದಿದೆ ಎಂಬುದು ಗೊತ್ತಿರುತ್ತಿತ್ತು. ಕಣ್ಣೆದುರೇ ಬೆಸುಗೆ ಹಾಕಿ ಕೊಡುತ್ತಿದ್ದರು.

ಈ ನಂಟಿಗೆ ದೊಡ್ಡ ಪೆಟ್ಟು ಬಿದ್ದದ್ದು 1963ರಲ್ಲಿ. ಚೀನಾ ಯುದ್ಧದ ಬೆನ್ನಿಗೇ, ಆಗ ಹಣಕಾಸು ಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮ ತಂದರು. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧವಾದ ಹೊಸ ಒಡವೆ ಮಾಡುವಂತಿರಲಿಲ್ಲ. 14 ಕ್ಯಾರೆಟ್ ಎಂದರೆ ನೂರಕ್ಕೆ ಸುಮಾರು 58 ಭಾಗ ಮಾತ್ರ ಚಿನ್ನ. ಜನ ಕೊಳ್ಳಲಿಲ್ಲ. ದೇಶದ ಉದ್ದಗಲಕ್ಕೂ ಸಾವಿರಾರು ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 1966ರಲ್ಲಿ 14 ಕ್ಯಾರೆಟ್ ಕಟ್ಟಳೆ ಹೋಯಿತು. 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯ್ದೆ 1990ರವರೆಗೂ ಇತ್ತು. ಅಷ್ಟರಲ್ಲಿ ಎಷ್ಟೋ ಕುಟುಂಬಗಳು ಕುಲುಮೆ ಆರಿಸಿ ಬೇರೆ ಕಸುಬು ಹಿಡಿದಿದ್ದವು.

ಊರಿನ ಆಚಾರ್ರು ಇಲ್ಲದ ಜಾಗಕ್ಕೆ ಬಂದವರು ಬೈಕಿನಲ್ಲಿ ಬರುವ 'ಪಾಲಿಶ್' ಗಿರಾಕಿಗಳು. ನಮ್ಮಲ್ಲೊಬ್ಬರ ಮನೆಗೇ ಹೀಗೆ ಇಬ್ಬರು ಬಂದಿದ್ದರು. ಮೊದಲು ಹಿತ್ತಾಳೆ ದೀಪ ತಿಕ್ಕಿ ಫಳಫಳ ಮಾಡಿ ತೋರಿಸಿದರು. ಆಮೇಲೆ ಅಜ್ಜಿಯ ಎರಡೆಳೆ ಸರವನ್ನು ಒಂದು ದ್ರಾವಣದಲ್ಲಿ ಅದ್ದಿ, ಅರಿಶಿನ ಬಳಿದು ವಾಪಸ್ ಕೊಟ್ಟರು. ಸರ ಹೊಳೆಯುತ್ತಿತ್ತು. ತೂಕಕ್ಕೆ ಹಾಕಿದಾಗ ಮೂರು ಗ್ರಾಂ ಕಡಿಮೆ. ಅಜ್ಜಿ ಎರಡು ದಿನ ಊಟ ಮಾಡಲಿಲ್ಲ.

ಇದರ ಗುಟ್ಟು ಇಷ್ಟೇ. ನೈಟ್ರಿಕ್ ಆಮ್ಲ, ಹೈಡ್ರೋಕ್ಲೋರಿಕ್ ಆಮ್ಲ ಎರಡನ್ನೂ ಬೆರೆಸಿದರೆ ಆ ಮಿಶ್ರಣ ಚಿನ್ನವನ್ನೇ ಕರಗಿಸುತ್ತದೆ. ಕರಗಿದ ಚಿನ್ನ ಅವರ ಡಬ್ಬಿಯಲ್ಲೇ ಉಳಿಯುತ್ತದೆ, ಮನೆಗೆ ಹೋಗಿ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಮನೆ ಬಾಗಿಲಿಗೆ ಬಂದವರ ಕೈಗೆ ಒಡವೆ ಕೊಡಲೇಬೇಡಿ.

ಹಾಗಾದರೆ ಕೊಳೆ ತೆಗೆಯುವುದು ಹೇಗೆ? ನಮ್ಮ ಅಜ್ಜಿಯರ ಕ್ರಮ ಇವತ್ತಿಗೂ ಸರಿ. ಅಂಟುವಾಳಕಾಯಿ ನೆನೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಮೆದು ಬ್ರಷ್ಷಿನಲ್ಲಿ ಹಗುರವಾಗಿ ಉಜ್ಜಿ, ಹಳೇ ಪಂಚೆ ಬಟ್ಟೆಯಲ್ಲಿ ಒರೆಸಬೇಕು. ಬಚ್ಚಲಲ್ಲಿ ತೊಳೆಯಬೇಡಿ, ಅಗಲವಾದ ಬೋಗುಣಿಯಲ್ಲಿ ತೊಳೆಯಿರಿ. ನೀರು ಚೆಲ್ಲುವ ಮುಂಚೆ ಕಲ್ಲು, ಗುಂಡು ಎಣಿಸಿ. ಮುತ್ತು, ಹವಳಕ್ಕೆ ಹುಣಸೆ, ನಿಂಬೆ ಸೋಕಿಸಬೇಡಿ, ಹುಳಿ ಅವನ್ನು ತಿನ್ನುತ್ತದೆ. ಒಳಗೆ ಅರಗು ತುಂಬಿದ ಒಡವೆಯನ್ನು ಬಿಸಿನೀರಿಗೆ ಹಾಕಿದರೆ ಅರಗು ಮೆತ್ತಗಾಗುತ್ತದೆ. ಬ್ಲೀಚಿಂಗ್ ಪುಡಿ ಮುಟ್ಟುವಾಗ ಉಂಗುರ, ಬಳೆ ತೆಗೆದಿಡಿ.

ಬೆಳ್ಳಿ ಕಾಲುಂಗುರ, ಗೆಜ್ಜೆ, ಉಡಿದಾರ ಕಪ್ಪಾಗುವುದು ಗಂಧಕದಿಂದ. ಬೆವರಲ್ಲಿ, ಗಾಳಿಯಲ್ಲಿ, ರಬ್ಬರ್ ಬ್ಯಾಂಡಿನಲ್ಲಿ ಅದರ ಅಂಶ ಇರುತ್ತದೆ. ಹಾಗಾಗಿ ಬೆಳ್ಳಿಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ. ನುಣ್ಣನೆಯ ವಿಭೂತಿಯಲ್ಲಿ ಹಗುರವಾಗಿ ಒರೆಸಿದರೆ ಸಾಕು. ಒರಟು ಬೂದಿ, ಮರಳು ಹಾಕಿ ತಿಕ್ಕಿದರೆ ಕಪ್ಪಿನ ಜೊತೆ ಬೆಳ್ಳಿಯೂ ಹೋಗುತ್ತದೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯೂ ಒಂದು ಒಡವೆಯೇ. ಅಸಲಿ ಜರಿ ಎಂದರೆ ರೇಷ್ಮೆ ನೂಲಿಗೆ ಬೆಳ್ಳಿ ಎಳೆ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಅದಕ್ಕೇ 'ಹಳೇ ಜರಿ ಸೀರೆ ಕೊಳ್ತೀವಿ' ಎಂದು ಕೂಗಿಕೊಂಡು ಬರುತ್ತಾರೆ. ಬೆಲೆ ತಿಳಿಯದೆ ಪಾತ್ರೆಗೋ ಪುಡಿಕಾಸಿಗೋ ಕೊಡಬೇಡಿ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, ಕೆಲವು ತಿಂಗಳಿಗೊಮ್ಮೆ ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗಬಾರದು, ಸೆಂಟು ಹೊಡೆಯಬಾರದು.

ನಾಯಕನಹಟ್ಟಿ ತೇರಿಗೋ ಗೌರಸಮುದ್ರ ಮಾರಮ್ಮನ ಜಾತ್ರೆಗೋ ಹೊರಡುವ ಮುಂಚೆ ತಾಳಿ ಸರದ ಕೊಂಡಿ ನೋಡಿಕೊಳ್ಳಿ. ಚಿನ್ನ ಮೆದು. ಎರಡು ಸರ ಒಟ್ಟಿಗೆ ಉಜ್ಜಾಡಿದರೆ ಕೊಂಡಿ ಕೂದಲಿನಷ್ಟು ತೆಳ್ಳಗಾಗಿ ಗದ್ದಲದಲ್ಲಿ ಕಿತ್ತುಹೋಗುತ್ತದೆ. ಡಬ್ಬಿಯಲ್ಲೂ ಒಂದೊಂದನ್ನು ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಡಿ.

ಕೊನೆಯದಾಗಿ ಲೆಕ್ಕ. ಆಚಾರ್ರ ನೆನಪಿನ ಜಾಗದಲ್ಲಿ ಈಗ ನಿಮ್ಮ ಫೋನಿದೆ. ಪ್ರತಿ ಒಡವೆಯ ಫೋಟೋ ತೆಗೆದು, ಒಟ್ಟು ತೂಕ, ಕಲ್ಲು ಬಿಟ್ಟು ತೂಕ, ಕ್ಯಾರೆಟ್ ಬರೆದಿಡಿ. ಹಳೇ ತೊಲ ಅಂದರೆ 11.66 ಗ್ರಾಂ, ಈಗ ಅಂಗಡಿಯಲ್ಲಿ 10 ಗ್ರಾಮಿಗೇ ತೊಲ ಅನ್ನುವುದುಂಟು. ಅಜ್ಜಿ 'ಮೂರು ತೊಲ' ಅಂದರೆ ಯಾವ ತೊಲ ಎಂದು ತೂಗಿ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ಶುದ್ಧತೆ ಗೊತ್ತಾಗುತ್ತದೆ. ಗಿರವಿ ಇಡುವಾಗ ನಿಮ್ಮ ತೂಕವೂ ಅವರ ಚೀಟಿಯ ತೂಕವೂ ಒಂದೇ ಇದೆಯಾ ನೋಡಿ, ಚೀಟಿಯ ಫೋಟೋ ತೆಗೆದುಕೊಳ್ಳಿ, ಬಿಡಿಸಿಕೊಂಡ ದಿನ ಮತ್ತೆ ತೂಗಿಸಿ.

ಬ್ರಹ್ಮಗಿರಿಯ ಆ 33 ಮಣಿಗಳು ಯಾರ ಕೊರಳಲ್ಲಿದ್ದವೋ ಯಾರೂ ಬರೆದಿಡಲಿಲ್ಲ. ಹಾಗಿದ್ದರೂ ಎಣಿಸಿದಾಗ ಲೆಕ್ಕ ಸಿಕ್ಕಿತು. ನಮ್ಮ ಡಬ್ಬಿಯಲ್ಲಿ ಎಷ್ಟಿದೆ ಎಂದು ಇವತ್ತು ಸಂಜೆ ಅಮ್ಮನ ಜೊತೆ ಕೂತು ಒಮ್ಮೆ ಎಣಿಸಿ, ಬರೆದಿಡೋಣ.