ಗಾಜಿನ ಕಡಲಲ್ಲಿ ಮೀನು ಯಾಕೆ ಸಾಯುತ್ತದೆ?

ಘಟ್ಟದ ಮೇಲೆ ಬದುಕುವ ನಮಗೆ ಕಡಲ ಮೀನೆಂದರೆ ಸತ್ತ ಮೀನು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮೀನುಪೇಟೆಗೆ ಕರಾವಳಿಯಿಂದ ಬಂಗಡೆ, ತಾರ್ಲೆಗಳು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಘಟ್ಟ ಹತ್ತುತ್ತವೆ. ಕೊಳ್ಳುವವರು ಮೊದಲು ಮಾಡುವ ಕೆಲಸ ಒಂದೇ, ಕಿವಿರು ಎತ್ತಿ ನೋಡುವುದು. ಕೆಂಪಗಿದ್ದರೆ ತಾಜಾ, ಬಣ್ಣಗೆಟ್ಟಿದ್ದರೆ ಹಳತು. ಯಾವ ಶಾಲೆಯಲ್ಲೂ ಕಲಿಸದ ಈ ಪರೀಕ್ಷೆಯನ್ನು ನಮ್ಮ ತಾಯಂದಿರು ಮಕ್ಕಳಿಗೆ ಕೈಹಿಡಿದು ಕಲಿಸಿದ್ದಾರೆ. ಮೀನಿನ ಗುಟ್ಟು ಕಿವಿರಿನಲ್ಲಿದೆ ಎಂಬುದು ಪೇಟೆಯ ತಿಳಿವಳಿಕೆ.

ಸತ್ತ ಮೀನಿನ ವಿಷಯದಲ್ಲಿ ಇಷ್ಟು ಜಾಣರಾದ ನಾವು ಬದುಕಿರುವ ಕಡಲ ಮೀನಿನ ಮುಂದೆ ಕೈಸೋಲುತ್ತೇವೆ. ಗೋಲ್ಡ್‌ಫಿಶ್ ಸಾಕಿ ಕೈಪಳಗಿದವರು ಒಂದು ದಿನ ಉಪ್ಪುನೀರಿನ ಬಣ್ಣದ ಮೀನಿಗೆ ಆಸೆಪಡುತ್ತಾರೆ. ಹೊಸ ಗಾಜಿನ ತೊಟ್ಟಿ, ಹೊಸ ಮರಳು, ಹೊಸ ದೀಪ. ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ. ಮೊದಲ ವಾರ ಮನೆಯ ಮಕ್ಕಳೆಲ್ಲ ತೊಟ್ಟಿಯ ಮುಂದೆಯೇ. ಎರಡನೆಯ ವಾರ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತವೆ. ಬೆಳಗಾಗುವುದರೊಳಗೆ ಎರಡು ತೇಲುತ್ತಿರುತ್ತವೆ. ಯಾರದೋ ಕಣ್ಣು ತಾಗಿತು ಎನ್ನುವವರುಂಟು, ಅಂಗಡಿಯವನು ರೋಗದ ಮೀನು ಕೊಟ್ಟ ಎನ್ನುವವರುಂಟು. ಕೈಗೆ ಸಿಕ್ಕ ಔಷಧಿಯ ಬಾಟಲಿ ತೊಟ್ಟಿಗೆ ಬೀಳುತ್ತದೆ. ಉಳಿದ ಮೀನುಗಳೂ ಹೋಗುತ್ತವೆ.

ಈ ಸೋಲು ನಮ್ಮೊಬ್ಬರದಲ್ಲ. ಕಡಲನ್ನು ಮನೆಯೊಳಗೆ ತರಲು ಹೊರಟ ಮೊದಲ ತಲೆಮಾರಿನವರೂ ಇದೇ ಪ್ರಶ್ನೆಯ ಮುಂದೆ ನಿಂತಿದ್ದರು. ಉತ್ತರ ಸಿಗಲು ನೂರು ವರ್ಷ ಹಿಡಿಯಿತು. ಆ ಉತ್ತರದ ಚರಿತ್ರೆ ತಿಳಿದರೆ ತೊಟ್ಟಿಯೊಳಗಿನ ಸಾವನ್ನು ಮಾತ್ರವಲ್ಲ, ನಮ್ಮ ಕಾಡಿನ ಮತ್ತು ಅಳಿವೆಯ ಸಾವುಗಳನ್ನೂ ಓದಲು ಬರುತ್ತದೆ.

1846ರಲ್ಲಿ ಆನ್ನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿ ಕಡಲ ತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದರು. ಊರಿನಿಂದ ಕಡಲು ದೂರ, ದಿನವೂ ಹೊಸ ನೀರು ತರುವಂತಿಲ್ಲ. ಮನೆಗೆಲಸದವಳು ತೆರೆದ ಕಿಟಕಿಯ ಬಳಿ ನಿಂತು ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಚಹಾ ಆರಿಸುವವರಂತೆ ನೀರನ್ನು ಎತ್ತಿ ಸುರಿದಾಗ ಗಾಳಿ ಅದರೊಳಗೆ ಸೇರುತ್ತಿತ್ತು. ಇಂದು ಪ್ಲಗ್ ಚುಚ್ಚಿದೊಡನೆ ಗುಳ್ಳೆ ಬಿಡುವ ಯಂತ್ರದ ಹಿಂದೆ ಚರಿತ್ರೆಯಲ್ಲಿ ಹೆಸರು ಉಳಿಯದ ಆ ಹೆಣ್ಣಿನ ತೋಳಿನ ದಣಿವಿದೆ.

1850ರಲ್ಲಿ ಅದೇ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಸಿಹಿನೀರಿನ ತೊಟ್ಟಿಯಲ್ಲಿ ಗೋಲ್ಡ್‌ಫಿಶ್, ನೀರುಗಿಡ, ಬಸವನಹುಳು ಮೂರನ್ನೂ ಒಟ್ಟಿಗಿಟ್ಟು, ಒಂದರ ಉಸಿರು ಇನ್ನೊಂದಕ್ಕೆ ಬೇಕು ಎಂದು ತೋರಿಸಿಕೊಟ್ಟರು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಗಳ ಮನೆ ತೆರೆಯಿತು. ಮರುವರ್ಷ ಫಿಲಿಪ್ ಗೋಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಮಾತು ಮನೆಮಾತಾಯಿತು. ಉಳ್ಳವರ ಮನೆಗಳಿಗೆಲ್ಲ ಗಾಜಿನ ತೊಟ್ಟಿ ಬಂತು. ಬಂದಷ್ಟೇ ಬೇಗ ಆ ಹುಚ್ಚು ಇಳಿಯಿತು. ಗಾಳಿ ಇದ್ದರೂ, ಗಿಡ ಇದ್ದರೂ ಮೀನುಗಳು ಸಾಯುತ್ತಿದ್ದವು. ಕಣ್ಣಿಗೆ ಕಾಣದ ಯಾವುದೋ ಒಂದು ಕೊರತೆ ನೀರಿನಲ್ಲಿತ್ತು.

ಆ ಕೊರತೆಯ ಸುಳಿವು ಸಿಕ್ಕಿದ್ದು ಕೊಳಚೆ ನೀರಿನಿಂದ. 1877ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಮರಳು ತುಂಬಿದ ಕೊಳವೆಯ ಮೂಲಕ ಕೊಳಚೆಯನ್ನು ನಿಧಾನವಾಗಿ ಇಳಿಸಿದರು. ಮೊದಮೊದಲು ಏನೂ ಆಗಲಿಲ್ಲ. ಕೆಲವು ವಾರಗಳ ನಂತರ ಅದರೊಳಗಿನ ಅಮೋನಿಯಾ ನೈಟ್ರೇಟ್ ಆಗಿ ಬದಲಾಗತೊಡಗಿತು. ಕೊಳವೆಗೆ ಕ್ಲೋರೋಫಾರಂ ಆವಿ ಹಾಯಿಸಿದೊಡನೆ ಆ ಕೆಲಸ ನಿಂತುಹೋಯಿತು. ಅರ್ಥ ಸ್ಪಷ್ಟ: ಮರಳಿನಲ್ಲಿ ಜೀವವಿದೆ, ಕೆಲಸ ಮಾಡುತ್ತಿರುವುದು ಅದು. 1890ರ ಹೊತ್ತಿಗೆ ರಷ್ಯದ ವಿನೋಗ್ರಾಡ್‌ಸ್ಕಿ ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ.

ಹೊಸ ತೊಟ್ಟಿಯ ಒಗಟು ಇಲ್ಲಿಗೆ ಬಿಡಿಸಿತು. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಹಾಕುತ್ತದೆ. ತಿಂದುಳಿದ ಆಹಾರ ಕೊಳೆತರೂ ಅಮೋನಿಯಾ. ಕಡಲಿನಲ್ಲಿ ಅದನ್ನು ಕರಗಿಸಲು ಅಪಾರ ನೀರಿದೆ, ತಿಂದುಹಾಕಲು ಲೆಕ್ಕವಿಲ್ಲದ ಸೂಕ್ಷ್ಮಜೀವಿಗಳಿವೆ. ಹೊಸ ತೊಟ್ಟಿಯಲ್ಲಿ ಎರಡೂ ಇಲ್ಲ. ಆ ಜೀವಿಗಳು ಮರಳಿನಲ್ಲಿ, ಕಲ್ಲಿನಲ್ಲಿ ಸಂಸಾರ ಹೂಡಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ತನ್ನದೇ ವಿಷದಲ್ಲಿ ಈಜುತ್ತಿರುತ್ತದೆ. ಉಪ್ಪುನೀರಿನಲ್ಲಿ ಇದು ಇನ್ನೂ ಕಠಿಣ. ಕಡಲ ನೀರು ತುಸು ಕ್ಷಾರಗುಣದ್ದು. ಕ್ಷಾರ ಹೆಚ್ಚಿದಷ್ಟೂ, ಬಿಸಿ ಹೆಚ್ಚಿದಷ್ಟೂ ಅಮೋನಿಯಾದ ವಿಷ ಹರಿತವಾಗುತ್ತದೆ. ಕಿವಿರು ಸುಡುತ್ತದೆ, ಮೀನು ಏದುಸಿರು ಬಿಡುತ್ತದೆ. ನೀರು ಮಾತ್ರ ತಿಳಿಯಾಗಿಯೇ ಕಾಣುತ್ತದೆ. ನಾವು ರೋಗ ಎನ್ನುವುದು ಅಲ್ಲಿ ರೋಗವೇ ಅಲ್ಲ, ಇನ್ನೂ ಜೀವ ಬಾರದ ನೀರು.

ಹಾಗಾದರೆ ರೋಗವೇ ಇಲ್ಲವೇ? ಇದೆ. ಲಂಡನ್ ಮೃಗಾಲಯದ ಅಕ್ವೇರಿಯಂ ಅದನ್ನೂ ಕಲಿಸಿತು. ಅಲ್ಲಿ ಸತ್ತ ಕಡಲ ಮೀನುಗಳ ಕಿವಿರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ಸಂಶೋಧಕ ಬ್ರೌನ್, 1931ರಲ್ಲಿ ಒಂದು ಪರಾವಲಂಬಿಯನ್ನು ವರ್ಣಿಸಿದರು. ಮೈಮೇಲೆ ಹೊಂಬಣ್ಣದ ಧೂಳು ಉದುರಿದಂತೆ ಕಾಣುವ ಈ ಬೇನೆಗೆ ಸಾಕುವವರು ವೆಲ್ವೆಟ್ ಎನ್ನುತ್ತಾರೆ. ಅದು ಮೊದಲು ಕಿವಿರನ್ನೇ ಹಿಡಿಯುವುದರಿಂದ, ಮೈಮೇಲೆ ಧೂಳು ಕಾಣುವ ಮೊದಲೇ ಮೀನು ಸಾಯಬಹುದು. ಇನ್ನೊಂದು ಬಿಳಿಚುಕ್ಕೆ ರೋಗ. ಇದನ್ನು 1937ರಲ್ಲಿ ಜಪಾನಿನಲ್ಲಿ ಸಿಕಾಮ ವರ್ಣಿಸಿದ್ದರು, 1951ರಲ್ಲಿ ಬ್ರೌನ್ ಅದರ ಜೀವಿಗೆ ಕ್ರಿಪ್ಟೊಕಾರಿಯಾನ್ ಎಂಬ ಹೆಸರು ಕೊಟ್ಟರು. ಮೈಮೇಲೆ ಉಪ್ಪಿನ ಕಣ ಅಂಟಿದಂತೆ ಚುಕ್ಕೆಗಳು, ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಮೂರರಿಂದ ಏಳು ದಿನ ಮೀನಿನ ಮೈಯಲ್ಲಿದ್ದು ಚುಕ್ಕೆ ಉದುರುತ್ತದೆ. ರೋಗ ವಾಸಿಯಾಯಿತೆಂದು ನಾವು ಸಂತೋಷಪಡುತ್ತೇವೆ. ಆದರೆ ಉದುರಿದ ಜೀವಿ ತಳದ ಮರಳಿನಲ್ಲಿ ಕೋಶ ಕಟ್ಟಿಕೊಂಡು, ಕೆಲವು ದಿನ ಅಥವಾ ವಾರಗಳ ನಂತರ ನೂರಾರು ಮರಿಗಳಾಗಿ ಹೊರಬರುತ್ತದೆ. ಔಷಧಿ ನಾಟುವುದು ಈಜುವ ಮರಿಗಳಿಗೆ ಮಾತ್ರ. ಮೀನಿನ ಚರ್ಮದೊಳಗಿರುವುದಕ್ಕೂ, ಕೋಶದೊಳಗಿರುವುದಕ್ಕೂ ಅದು ತಟ್ಟುವುದಿಲ್ಲ. ಎರಡು ದಿನ ಔಷಧಿ ಹಾಕಿ ನಿಲ್ಲಿಸಿದವರು ಸೋಲುವುದು ಇದಕ್ಕೇ.

ನಮ್ಮ ಹಳೆಯ ಹಕೀಮರು ನಬ್ಜ್ ಹಿಡಿದು ನೋಡುತ್ತಿದ್ದರು, ಕಾರೂರಾ ನೋಡುತ್ತಿದ್ದರು. ಕಾರೂರಾ ಎಂದರೆ ಮೂಲತಃ ಗಾಜಿನ ಕುಪ್ಪಿ. ರೋಗಿಯ ಮೂತ್ರವನ್ನು ಅದರಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುವುದರಿಂದ ಪರೀಕ್ಷೆಗೂ ಅದೇ ಹೆಸರು ನಿಂತಿತು. ನೋಡದೆ ಮದ್ದು ಬರೆಯುವ ಹಕೀಮನಿಗೆ ಮರ್ಯಾದೆ ಇರಲಿಲ್ಲ. ಮೀನಿನ ತೊಟ್ಟಿಯೂ ಒಂದು ದೊಡ್ಡ ಕಾರೂರಾ. ಮೊದಲು ನೀರನ್ನು ನೋಡಬೇಕು, ಆಮೇಲೆ ಮೀನನ್ನು, ಕೊನೆಗೆ ಮದ್ದನ್ನು.

ಎಲ್ಲ ಮೀನುಗಳೂ ಒಟ್ಟಿಗೆ, ಕೆಲವೇ ಗಂಟೆಗಳಲ್ಲಿ ಕಂಗೆಟ್ಟರೆ ಮೊದಲ ಅನುಮಾನ ನೀರಿನ ಮೇಲೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಗಾಳಿಯ ಪಂಪು ನಿಲ್ಲುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಪ್ರಾಣವಾಯು ಹಿಡಿದಿಡುತ್ತದೆ ಎಂಬುದನ್ನು ನೆನಪಿಡಬೇಕು. ಕುಮಟಾದ ಅಳಿವೆಯಿಂದ ಕ್ಯಾನಿನಲ್ಲಿ ನೀರು ತರುವವರು ಇನ್ನೊಂದು ಮಾತು ತಿಳಿದಿರಬೇಕು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ಹೊಳೆ ಅಳಿವೆಯ ಉಪ್ಪನ್ನು ತೊಳೆದುಬಿಡುತ್ತದೆ. ಜೂನ್, ಜುಲೈಯಲ್ಲಿ ತುಂಬಿಸಿಕೊಂಡ ನೀರು ಹೆಸರಿಗಷ್ಟೇ ಕಡಲು.

ಅಮೋನಿಯಾ ಅಳೆಯುವ ಚಿಕ್ಕ ಕಿಟ್ ದೊರೆಯುತ್ತದೆ. ಅದು ಬಣ್ಣ ತೋರಿಸಿದರೆ ಆಹಾರ ನಿಲ್ಲಿಸಿ, ಗಾಳಿ ಹೆಚ್ಚಿಸಿ, ಅಷ್ಟೇ ಉಪ್ಪು ಮತ್ತು ಅಷ್ಟೇ ಬಿಸಿಯಿರುವ ಹೊಸ ನೀರಿನಿಂದ ಮೂರನೆಯ ಒಂದು ಪಾಲು ಬದಲಿಸುವುದೇ ಚಿಕಿತ್ಸೆ. ಮತ್ತೆ ಅಳೆದು, ಬೇಕಾದರೆ ಮತ್ತೆ ಬದಲಿಸಬೇಕು. ಇಲ್ಲಿ ಆ್ಯಂಟಿಬಯಾಟಿಕ್ ಸುರಿದರೆ ನೀರನ್ನು ಶುಚಿಗೊಳಿಸುವ ಸೂಕ್ಷ್ಮಜೀವಿಗಳಿಗೇ ಏಟು ಬೀಳಬಹುದು. ನೀರು ಸರಿಯಿದ್ದು, ಒಂದೊಂದೇ ಮೀನು ದಿನ ಬಿಟ್ಟು ದಿನ ಸೊರಗಿದರೆ, ಚುಕ್ಕೆಯೋ ಧೂಳೋ ಕಂಡರೆ, ಆಗ ಪರಾವಲಂಬಿಯ ಅನುಮಾನ. ರೋಗದ ಮೀನುಗಳನ್ನು ಬೇರೆ ತೊಟ್ಟಿಗೆ ಒಯ್ದು, ಅಳತೆ ತಪ್ಪದಂತೆ ತಾಮ್ರದ ಔಷಧಿಯನ್ನು ಎರಡು ಮೂರು ವಾರ ಕೊಡಬೇಕು. ಹವಳ, ಸಿಗಡಿ, ಶಂಖದ ಹುಳುಗಳಿರುವ ತೊಟ್ಟಿಗೆ ತಾಮ್ರ ಸಲ್ಲದು, ಅವು ಸಾಯುತ್ತವೆ. ಮೂಲ ತೊಟ್ಟಿಯನ್ನು ಆರು ವಾರಕ್ಕಿಂತ ಹೆಚ್ಚು ಕಾಲ ಮೀನಿಲ್ಲದೆ ಖಾಲಿ ಬಿಟ್ಟರೆ ಪರಾವಲಂಬಿ ಆಸರೆಯಿಲ್ಲದೆ ಅಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಮದ್ದು ಹೊಸ ಮೀನನ್ನು ಕೆಲವು ವಾರ ಬೇರೆಯಾಗಿಟ್ಟು ನೋಡುವುದು. ಇದರ ಹಿಂದಿನ ಬುದ್ಧಿ ಬಹಳ ಹಳೆಯದು. ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರ ಸುಮಾರಿಗೆ, ಸಿರಿಯಾ ಸೀಮೆಯಲ್ಲಿ ಅಮ್ವಾಸ್ ಪ್ಲೇಗು ಹರಡಿತ್ತು. ಅಲ್ಲಿಗೆ ಹೊರಟಿದ್ದ ಖಲೀಫ ಉಮರ್(ರ) ಸರ್ಗ್ ಎಂಬಲ್ಲಿ ಸುದ್ದಿ ತಿಳಿದು ಹಿಂತಿರುಗಲು ತೀರ್ಮಾನಿಸಿದರು. ಇದು ವಿಧಿಯಿಂದ ಓಡುವುದಲ್ಲವೇ ಎಂದು ಅಬೂಉಬೈದ(ರ) ಕೇಳಿದಾಗ, ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ರೋಗವಿರುವ ಊರಿಗೆ ಹೋಗಬಾರದು, ಅಲ್ಲಿರುವವರು ಅಲ್ಲಿಂದ ಓಡಿಬರಬಾರದು ಎಂಬ ಪ್ರವಾದಿ(ಸ)ವರ್ಯರ ಮಾತನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ನೆನಪಿಸಿದ್ದೂ ಆಗಲೇ. 1377ರಲ್ಲಿ ರಗೂಸಾ ಬಂದರು ಪ್ಲೇಗಿನ ಊರಿಂದ ಬಂದವರನ್ನು ಮೂವತ್ತು ದಿನ ಹೊರಗಿರಿಸುವ ಕಟ್ಟಳೆ ಮಾಡಿತು. ಮುಂದೆ ಅದು ನಲವತ್ತು ದಿನವಾಗಿ, ಕ್ವಾರಂಟೈನ್ ಎಂಬ ಹೆಸರು ನಿಂತಿತು. ವಿಧಿಯ ಹೆಸರಿನಲ್ಲಿ ಅಜಾಗರೂಕತೆಯನ್ನು ಮುಚ್ಚಿಕೊಳ್ಳಬಾರದೆಂಬ ಪಾಠ ಅಲ್ಲಿದೆ.

ಸಿದ್ದಾಪುರದವರಿಗೆ ಪರೀಕ್ಷೆಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು. ಮಂಗಗಳ ಸಾವು ನೋಡಿ ಹಳದಿ ಜ್ವರ ಬಂತೇ ಎಂದು ಮೊದಲು ಹೆದರಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಪರೀಕ್ಷಿಸಿದಾಗ ಅದು ಉಣ್ಣೆಯಿಂದ ಹರಡುವ ಬೇರೆಯೇ ವೈರಸ್ ಎಂದು ತಿಳಿಯಿತು. ಹಳದಿ ಜ್ವರವೆಂದೇ ನಂಬಿ ಸೊಳ್ಳೆಯ ಬೆನ್ನು ಹತ್ತಿದ್ದರೆ ಉಣ್ಣೆ ತನ್ನ ಪಾಡಿಗೆ ಕಚ್ಚುತ್ತಲೇ ಇರುತ್ತಿತ್ತು. 2024ರಲ್ಲೂ ಸಿದ್ದಾಪುರ ತಾಲೂಕಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಕಾಡಿನಲ್ಲಿ ಸತ್ತ ಮಂಗ ಒಂದು ಸುದ್ದಿ. ಅದನ್ನು ಓದಬೇಕು.

ಕಾಡಿನಿಂದ ಹೊಳೆಯ ಜೊತೆ ಕೆಳಗಿಳಿದರೆ ಅಳಿವೆ. ಶಿರಸಿಯಲ್ಲಿ ಹುಟ್ಟಿ, ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕುವ ಅಘನಾಶಿನಿ ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. ಅಲ್ಲಿಯ ಗಜನಿಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಆಮೇಲೆ ಮೀನು, ಸಿಗಡಿ. ತಲೆತಲಾಂತರದ ಈ ಸರದಿಯ ಜಾಗಕ್ಕೆ ಕಳೆದ ಶತಮಾನದ ಕೊನೆಯಲ್ಲಿ ಸಿಗಡಿಯ ಹೊಸ ಕೆರೆಗಳು ಬಂದವು. 1992ರಲ್ಲಿ ತೈವಾನಿನಲ್ಲಿ ಕಾಣಿಸಿದ ಸಿಗಡಿಯ ಬಿಳಿಚುಕ್ಕೆ ರೋಗ 1994ರಲ್ಲಿ ಭಾರತದ ಪೂರ್ವ ಕರಾವಳಿಗೆ ತಲುಪಿತು, ಮುಂದೆ ನಮ್ಮ ಕರಾವಳಿಗೂ ಬಂತು. ಮೂರರಿಂದ ಹತ್ತು ದಿನದಲ್ಲಿ ಇಡೀ ಕೆರೆ ಖಾಲಿಯಾಗಬಲ್ಲ ರೋಗ ಅದು. ಸಾಲ ತಂದವರು ಮುಳುಗಿದರು. ಹೆಸರು ಬಿಳಿಚುಕ್ಕೆಯೇ ಆದರೂ ಮೀನಿನ ಬಿಳಿಚುಕ್ಕೆ ಪರಾವಲಂಬಿಯದು, ಸಿಗಡಿಯದು ವೈರಸ್ಸಿನದು. ಒಂದಕ್ಕೆ ಮದ್ದಿದೆ, ಇನ್ನೊಂದಕ್ಕೆ ಇಲ್ಲ. ಮದ್ದಿಲ್ಲದ ರೋಗಕ್ಕೆ ಮದ್ದು ಸುರಿಯುವುದರಿಂದ ನೀರು ಕೆಡುತ್ತದೆ, ಸಾಲ ಬೆಳೆಯುತ್ತದೆ. ಪರೀಕ್ಷಿಸಿದ ಮರಿ, ಬೇಲಿ ಹಾಕಿದ ಕೆರೆ, ಶುಚಿಯಾದ ನೀರು, ಇವಷ್ಟೇ ಅಲ್ಲಿನ ಕಾವಲು.

ಸಿಗಡಿ ಕೆರೆಗಳ ಹಾವಳಿಯ ಬಗ್ಗೆ 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಮಹತ್ವದ ತೀರ್ಪು ಕೊಟ್ಟಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ತಾಣವಾಗಿ ಜಗತ್ತಿನ ಮನ್ನಣೆ ಪಡೆಯಿತು. ಮನ್ನಣೆಯ ಫಲಕ ನೀರನ್ನು ಕಾಯುವುದಿಲ್ಲ. ನಮ್ಮ ತೋಟ, ಗದ್ದೆ, ಪೇಟೆಯ ಚರಂಡಿಗಳಿಂದ ಹರಿದದ್ದೂ ಅಲ್ಲಿಗೇ ಹೋಗುತ್ತದೆ.

ಬೆಕ್ಕನ್ನು ಕಟ್ಟಿಹಾಕಿ ತಿನ್ನಲೂ ಕೊಡದೆ, ಹುಡುಕಿ ತಿನ್ನಲೂ ಬಿಡದೆ ಕೊಂದ ಹೆಣ್ಣು ಶಿಕ್ಷೆಗೆ ಗುರಿಯಾದಳೆಂದು ಹದೀಸ್ ಹೇಳುತ್ತದೆ. ಕಟ್ಟಿಹಾಕಿದ ಕ್ಷಣದಿಂದ ಆ ಜೀವ ನಮ್ಮ ಕೈಯಲ್ಲಿಟ್ಟ ಅಮಾನತ್ತು. ಗಾಜಿನೊಳಗಿನ ಮೀನಿಗೂ ಓಡಿಹೋಗಲು ದಾರಿಯಿಲ್ಲ. ಸಾಕಲೇಬೇಕೆಂಬ ಆಸೆಯಿದ್ದವರು ಮೊದಲು ಆರು ವಾರ ಬರಿಯ ನೀರನ್ನು ಸಾಕಲಿ. ಕಡಲಕುದುರೆ, ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಅವುಗಳ ಆಸೆ ಬಿಡಲಿ. ಸಾವು ಹಠಾತ್ತಾಗಿ ಬಂತು ಎನ್ನುವುದು ನೋಡದೆ ಇದ್ದವರ ಮಾತು. ನೀರು ಮೊದಲೇ ಹೇಳಿರುತ್ತದೆ. ಕೇಳುವ ಸಬರ್ ನಮಗಿರಬೇಕು.