ಗಾಯದ ಬೆಲೆ: ನ್ಯಾಯಾಸನದ ಮುಂದೆ ವೈದ್ಯ

ಅಪಘಾತದಲ್ಲಿ ಕೈಯೋ ಕಾಲೋ ಊನವಾದ ಮನುಷ್ಯನಿಗೆ ವೈದ್ಯನಿಂದ ಎರಡು ಉಪಕಾರಗಳು ಆಗಬೇಕಾಗುತ್ತದೆ. ಒಂದು ಆಸ್ಪತ್ರೆಯಲ್ಲಿ, ಇನ್ನೊಂದು ನ್ಯಾಯಾಲಯದಲ್ಲಿ. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದು ಅಷ್ಟಾಗಿ ಜನರ ಲಕ್ಷ್ಯಕ್ಕೆ ಬಂದಿಲ್ಲ. ಆದರೆ ಒಂದು ಕುಟುಂಬದ ಮುಂದಿನ ಬಾಳುವೆ ಎಷ್ಟೋ ಸಲ ಈ ಎರಡನೆಯ ಉಪಕಾರವನ್ನೇ ಅವಲಂಬಿಸಿರುತ್ತದೆ.

ಈ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಹಾನಗಲ್ಲ ಸೀಮೆಗೆ ಪಾನುಂಗಲ್ಲು ಐನೂರು ಎಂಬ ಹೆಸರಿದ್ದ ಕಾಲವನ್ನು ನೆನೆಯೋಣ. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಕದಂಬ ಮನೆತನದವರು ಅದನ್ನು ಆಳುತ್ತಿದ್ದರು. ಅದೇ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಹೊಡೆದು ನೋಯಿಸಿದವನು ದಂಡ ತೆತ್ತರೆ ಸಾಲದು, ಗಾಯಗೊಂಡವನ ‘ಸಮುತ್ಥಾನ’ಕ್ಕೆ ತಗಲುವ ವೆಚ್ಚವನ್ನೂ ಕೊಡಬೇಕೆಂಬ ನಿಯಮ ಆ ಸ್ಮೃತಿಯಲ್ಲಿದೆ. ಸಮುತ್ಥಾನವೆಂದರೆ ಮತ್ತೆ ಎದ್ದು ನಿಲ್ಲುವುದು. ಇಂದು ನಾವು ಪುನರ್ವಸತಿಯೆಂದು ಕರೆಯುವ ಕಲ್ಪನೆಯ ಬೀಜ ಈ ಒಂದು ಮಾತಿನಲ್ಲಿ ಅಡಗಿದೆ.

ಬ್ರಿಟಿಷರ ಆಳಿಕೆಯಲ್ಲಿ ಈ ಸೀಮೆಯು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತು. ಹಿರೇಕೆರೂರು ಆಗ ಕೋಡ ತಾಲ್ಲೂಕಿನ ಕಚೇರಿಯ ಊರು. ಶಿಗ್ಗಾವಿಯು ಬಂಕಾಪುರ ತಾಲ್ಲೂಕಿನದು. 1855ರಲ್ಲಿ ಮಾರಕ ಅಪಘಾತಗಳ ಕಾಯದೆ ಬಂದಿತು. ಅನ್ಯರ ತಪ್ಪಿನಿಂದ ಸತ್ತವನ ಮನೆಯವರು ಪರಿಹಾರ ಕೇಳಲು ಅದು ಹಾದಿ ಮಾಡಿಕೊಟ್ಟಿತು. 1872ರ ಸಾಕ್ಷ್ಯ ಕಾಯದೆಯ 45ನೆಯ ಕಲಮು, ಶಾಸ್ತ್ರೀಯ ವಿಷಯಗಳಲ್ಲಿ ತಜ್ಞನ ಅಭಿಪ್ರಾಯವನ್ನು ನ್ಯಾಯಾಲಯವು ಪರಿಗಣಿಸಬಹುದೆಂದು ಹೇಳಿತು. ವೈದ್ಯನು ಸಾಕ್ಷಿಕಟ್ಟೆಯನ್ನು ಏರಿದ್ದು ಈ ಬಲದಿಂದಲೇ. ಆದರೆ ಅವನ ಮಾತು ಅಭಿಪ್ರಾಯವೇ ಹೊರತು ತೀರ್ಪಲ್ಲ. 2023ರ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ತತ್ತ್ವ ಹಾಗೆಯೇ ಉಳಿದಿದೆ.

ಮುಂದೆ 1923ರ ಕೆಲಸಗಾರರ ಪರಿಹಾರ ಕಾಯದೆಯು ಗಾಯಗಳ ಒಂದು ಪಟ್ಟಿಯನ್ನೇ ಮಾಡಿತು. ಇಂಥ ಅಂಗ ಹೋದರೆ ಗಳಿಕೆಯ ಶಕ್ತಿ ಶೇಕಡಾ ಇಷ್ಟು ಕುಂದಿತು ಎಂಬ ಲೆಕ್ಕ ಅದರಲ್ಲಿದೆ. ನಂತರದ ತಿದ್ದುಪಡಿಗಳ ಪ್ರಕಾರ ಹೆಬ್ಬೆರಳು ಹೋದರೆ ಶೇಕಡಾ 30. ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ 40. ಈ ಕಾಯದೆಯ ವಿಷಯಗಳೆಲ್ಲ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿವೆ. ಸವಣೂರಿನ ಮಾತು ಮಾತ್ರ ಆಗ ಬೇರೆಯಾಗಿತ್ತು. 1948ರವರೆಗೆ ಅದು ನವಾಬರ ಸಂಸ್ಥಾನವಾಗಿದ್ದುದರಿಂದ ಬ್ರಿಟಿಷ್ ಹಿಂದುಸ್ಥಾನದ ಕಾಯದೆಗಳು ಅಲ್ಲಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ನೆರೆಯ ಶಿಗ್ಗಾವಿಯಲ್ಲಿ ಒಂದು ಕಾನೂನು, ಸವಣೂರಿನಲ್ಲಿ ಇನ್ನೊಂದು ಎಂಬಂತಹ ಕಾಲ ಅದು.

ಪಟ್ಟಿಯಿಂದ ಕೆಲಸ ಸುಲಭವಾಯಿತು, ನಿಜ. ಆದರೆ ಪಟ್ಟಿ ಅಂಗವನ್ನು ಕಾಣುತ್ತದೆ. ಆ ಅಂಗದಿಂದ ಬದುಕುವ ಮನುಷ್ಯನನ್ನು ಕಾಣುವುದಿಲ್ಲ. ಸುಪ್ರೀಮ್ ಕೋರ್ಟು 1975ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣವು ಇದಕ್ಕೆ ನಿದರ್ಶನ. ಸಿನೆಮಾ ಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬನು ಬಿದ್ದು, ಅವನ ಎಡಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಬೇಕಾಯಿತು. ಹಾನಿಯು ಭಾಗಶಃ ಮಾತ್ರವೆಂದು ಮಾಲೀಕನು ವಾದಿಸಿದನು. ಒಂದೇ ಕೈಯಿಂದ ಬಡಗಿತನ ಸಾಗದು, ಆದುದರಿಂದ ಇದು ಪೂರ್ಣ ಹಾನಿಯೇ ಎಂದು ನ್ಯಾಯಾಲಯ ಹೇಳಿತು.

ಅಷ್ಟರಲ್ಲಿ ಮೋಟಾರು ವಾಹನಗಳು ಹೆಚ್ಚಿದ್ದವು. 1939ರ ಮೋಟಾರು ಕಾಯದೆಗೆ 1956ರಲ್ಲಿ ಆದ ತಿದ್ದುಪಡಿಯು ಪರಿಹಾರಕ್ಕಾಗಿ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ಎಡೆಮಾಡಿತು. 1988ರ ಕಾಯದೆಯು ಅವನ್ನು ಮುಂದುವರಿಸಿತು. ಪುಣೆ-ಬೆಂಗಳೂರು ಹೆದ್ದಾರಿ ಹಾದುಹೋಗುವ ಶಿಗ್ಗಾವಿಯಂತಹ ತಾಲ್ಲೂಕಿನವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಮಂಡಳಿಗಳ ಮುಂದೆ ವೈದ್ಯನ ಪಾತ್ರವೇನೆಂಬುದನ್ನು ಸುಪ್ರೀಮ್ ಕೋರ್ಟು 2010ರಲ್ಲಿ ನಿಚ್ಚಳವಾಗಿ ವಿವರಿಸಿತು. ಒಂದು ಅಂಗದ ಊನ ಬೇರೆ, ಇಡೀ ದೇಹದ ಊನ ಬೇರೆ, ಗಳಿಕೆಯ ನಷ್ಟ ಬೇರೆ. ಮೊದಲಿನ ಎರಡನ್ನು ವೈದ್ಯನು ಹೇಳಬೇಕು. ಮೂರನೆಯದನ್ನು ಮಂಡಳಿಯೇ ನಿರ್ಣಯಿಸಬೇಕು. ಕೇಳಿದವರಿಗೆಲ್ಲ ಸಿದ್ಧ ಪ್ರಮಾಣಪತ್ರ ಕೊಡುವವರ ವಿಷಯದಲ್ಲಿ ಎಚ್ಚರದಿಂದಿರಬೇಕೆಂದೂ, ಚಿಕಿತ್ಸೆ ಮಾಡಿದ ವೈದ್ಯನ ಸಾಕ್ಷ್ಯಕ್ಕೆ ಬೆಲೆ ಹೆಚ್ಚೆಂದೂ ನ್ಯಾಯಾಲಯ ತಿಳಿಸಿತು. ವೈದ್ಯನಿಗೆ ಬರಲು ಬಿಡುವಿಲ್ಲದಿದ್ದರೆ ಕಮಿಷನ್ ಮೂಲಕ ಆಸ್ಪತ್ರೆಯಲ್ಲಿಯೇ ಅವನ ಸಾಕ್ಷ್ಯ ಪಡೆಯುವ ದಾರಿಯನ್ನೂ ಸೂಚಿಸಿತು.

ಪುನರ್ವಸತಿ ತಜ್ಞರ ಕೆಲಸ ಇದಕ್ಕೆ ಹೊಂದಿಕೊಂಡೇ ಬೆಳೆದಿದೆ. ಯುದ್ಧದಲ್ಲಿ ಅಂಗ ಕಳೆದುಕೊಂಡ ಸೈನಿಕರಿಗಾಗಿ ಪುಣೆಯಲ್ಲಿ 1944ರಲ್ಲಿ ಕೃತಕ ಅಂಗ ಕೇಂದ್ರ ಆರಂಭವಾಯಿತು. 1957ರಲ್ಲಿ ಹುಬ್ಬಳ್ಳಿಗೆ ವೈದ್ಯಕೀಯ ಮಹಾವಿದ್ಯಾಲಯ ಬಂದಿತು. ಕೃತಕ ಕಾಲು ಎಷ್ಟು ವರ್ಷ ಬಾಳುತ್ತದೆ, ದುರಸ್ತಿಗೆ ಏನು ಬೇಕು, ರೋಗಿ ತಾನೇ ಎದ್ದು ಸ್ನಾನ ಮಾಡಬಲ್ಲನೇ, ಆಳು ಬೇಕೇ ಎಂಬುದನ್ನು ಬಲ್ಲವರು ಈ ತಜ್ಞರು. ಸಂಪೂರ್ಣ ಪರಾವಲಂಬಿಯಾದ ಬಾಲಕಿಯೊಬ್ಬಳ ಪ್ರಕರಣದಲ್ಲಿ, ಅವಳನ್ನು ನೋಡಿಕೊಳ್ಳುವವರ ಸಂಬಳವನ್ನೂ ಬಾಳಿನುದ್ದಕ್ಕೆ ಎಣಿಸಬೇಕೆಂದು ಸುಪ್ರೀಮ್ ಕೋರ್ಟು 2020ರಲ್ಲಿ ತೀರ್ಮಾನಿಸಿತು.

ಈಗ ಹಾವೇರಿ ಜಿಲ್ಲೆಗೆ ಸೇರಿರುವ ಈ ನಾಲ್ಕು ತಾಲ್ಲೂಕುಗಳ ದುಡಿಮೆಯನ್ನು ನೋಡಿದರೆ ಇದರ ಅರ್ಥ ಇನ್ನಷ್ಟು ತಿಳಿಯಾಗುತ್ತದೆ. ಮಡಿಚಲಾಗದ ಒಂದು ಮೊಣಕಾಲು ಕುರ್ಚಿಯ ಮೇಲೆ ಕುಳಿತು ಬರೆಯುವ ಗುಮಾಸ್ತನಿಗೆ ತೊಡಕು ಮಾತ್ರ. ಹಾನಗಲ್ಲ ಕಡೆಯ ಗದ್ದೆಯಲ್ಲಿ ಭತ್ತದ ಸಸಿ ನೆಡುವ ಹೆಣ್ಣುಮಗಳಿಗೆ, ಸವಣೂರಿನ ತೋಟದಲ್ಲಿ ಏಣಿ ಹತ್ತಿ ಎಲೆ ಕೊಯ್ಯುವವನಿಗೆ, ಹಿರೇಕೆರೂರಿನಲ್ಲಿ ಗೋವಿನಜೋಳದ ಚೀಲ ಹೊರುವ ಹಮಾಲನಿಗೆ ಅದು ಅನ್ನವೇ ತಪ್ಪಿದಂತೆ. ‘ಶೇಕಡಾ ಇಪ್ಪತ್ತು’ ಎಂದಷ್ಟೇ ಬರೆದ ಚೀಟಿಯಿಂದ ಈ ಭೇದ ಹೊರಬೀಳದು. ಕುಕ್ಕರಗಾಲಿನಲ್ಲಿ ಕೂಡ್ರಬಲ್ಲನೇ, ಭಾರ ಹೊರಬಲ್ಲನೇ, ಕೆಸರಿನಲ್ಲಿ ನಡೆಯಬಲ್ಲನೇ ಎಂದು ವೈದ್ಯನು ಬಿಡಿಸಿ ಹೇಳಿದರೆ ಮಾತ್ರ ನ್ಯಾಯಾಧೀಶರಿಗೆ ಆ ಬಾಳು ಕಾಣುತ್ತದೆ.

ಆದುದರಿಂದ ಗಾಯಾಳುವಿನ ಮನೆಯವರು ಆಸ್ಪತ್ರೆಯ ಪ್ರತಿಯೊಂದು ಕಾಗದವನ್ನೂ ಜೋಪಾನ ಮಾಡಬೇಕು. ತಮ್ಮ ಕಸುಬಿನ ಸ್ವರೂಪವನ್ನು ವೈದ್ಯರಿಗೂ ವಕೀಲರಿಗೂ ಸಂಕೋಚವಿಲ್ಲದೆ ತಿಳಿಸಬೇಕು. ವೈದ್ಯರೂ ಸಾಕ್ಷಿಗೆ ಬರುವುದನ್ನು ಕಾಟವೆಂದು ಭಾವಿಸದೆ, ಚಿಕಿತ್ಸೆಯ ಕಡೆಯ ಭಾಗವೆಂದು ತಿಳಿಯುವುದು ಲೇಸು. ಮೂಳೆ ಕೂಡಿದ ಮಾತ್ರಕ್ಕೆ ಸಮುತ್ಥಾನವಾಗದು. ದುಡಿದು ಉಣ್ಣುವ ದಾರಿಯೋ, ಅದಕ್ಕೆ ತಕ್ಕ ಪರಿಹಾರವೋ ದೊರೆತಾಗಲೇ ಅದು ಪೂರ್ಣವಾಗುವುದು.